ಹಳೇ ಗಿಟಾರಿಗೆ ಮೊದಲು ಒಂದು ಮಳೆಗಾಲ ಕೊಡಿ

ಚಿಕ್ಕಮಗಳೂರಿನಲ್ಲಿ ಗಿಟಾರ್ ರಿಪೇರಿಗೆ ಕೂತು 22 ವರ್ಷವಾಯಿತು. ಅದಕ್ಕೂ ಮೊದಲು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದೆ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಜಾತ್ರೆ, ಕರೆದಲ್ಲಿಗೆಲ್ಲ ಹೋಗಿದ್ದೇನೆ. ಹಾಗಾಗಿ ಪ್ರಶ್ನೆ ಕೇಳುವವರು ಜಾಸ್ತಿ. ಬೇಜಾರೇನಿಲ್ಲ. ಆದರೆ ಜೂನ್ ಕಳೆಯುತ್ತಿದ್ದ ಹಾಗೆ ಒಂದೇ ಪ್ರಶ್ನೆ ಹತ್ತು ಥರದ ಅಂಗಿ ಹಾಕಿಕೊಂಡು ಬರುತ್ತದೆ. ಈ ಸಲ ಅದಕ್ಕೇ ಹೆಚ್ಚು ಜಾಗ. ಟ್ಯೂನ್ ಮಾಡುವುದು ಹೇಗೆ ಅಂತೆಲ್ಲ ನನ್ನನ್ನು ಕೇಳಬೇಡಿ. ಅದಕ್ಕೆ ನಿಮ್ಮ ಫೋನೇ ಸಾಕು.

ಏಪ್ರಿಲ್‌ನಲ್ಲಿ ಬೆಂಗಳೂರಿನ ಒಬ್ಬರಿಂದ ಸೆಕೆಂಡ್‌ಹ್ಯಾಂಡ್ ಟೆಲಿಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ತಗೊಂಡೆ. 90ರ ದಶಕದಲ್ಲಿ ಜಪಾನಿನಲ್ಲಿ ಮಾಡಿದ್ದು, 50ರ ದಶಕದ ಮಾದರಿ. ಆಗ ನುಡಿಸಲು ಬೆಣ್ಣೆಯ ಹಾಗಿತ್ತು. ಈಗ ಜುಲೈನಲ್ಲಿ ತಂತಿ ಮೇಲೆದ್ದಿದೆ, ಟ್ಯೂನಿಂಗ್ ನಿಲ್ಲುತ್ತಿಲ್ಲ. ಗೊತ್ತಿದ್ದವರೊಬ್ಬರು ನೋಡಿ ನೆಕ್ ಹೋಗಿದೆ, ಬದಲಾಯಿಸಿ ಅಂದರು. ಅದರ ಜೊತೆಗೇ ಸದ್ದು ಹಿಡಿಯುವ ಪಿಕಪ್, ತಂತಿ ಕೂರುವ ಬ್ರಿಡ್ಜ್, ತಂತಿ ಬಿಗಿಯುವ ಕೀಗಳನ್ನೂ ಹೊಸದು ಹಾಕಿಸಿಬಿಡಿ ಅನ್ನುತ್ತಾರೆ. ನಾನು ಮೋಸ ಹೋದೆನಾ? (ಮೂಡಿಗೆರೆ)

ಇಲ್ಲ. ಆದರೆ ಆ ಗೊತ್ತಿದ್ದವರ ಮಾತು ಕೇಳಿದರೆ ಹೋಗುತ್ತೀರಿ.

"ನೆಕ್ ಹೋಗಿದೆ" ಅನ್ನುವುದು ನಮ್ಮ ಕಸುಬಿನಲ್ಲಿ ಅತಿ ಸುಲಭವಾದ ಮಾತು. ಹೇಳಿದವರಿಗೆ ಕೆಲಸ ಸಿಗುತ್ತದೆ, ಕೇಳಿದವರಿಗೆ ಭಯ ಹುಟ್ಟುತ್ತದೆ. ಎಲ್ಲಿಗೆ ಹೋಗುತ್ತೆ ಮಾರಾಯ್ರೇ? ನೆಕ್ ಅಂದರೆ ಗಿಟಾರಿನ ಕತ್ತು, ಮರ ಅದು. ಮಳೆಗಾಲದಲ್ಲಿ ನಿಮ್ಮ ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳಲ್ವಾ? ಬಾಗಿಲು ಹೋಯಿತು ಅಂತ ಕಿತ್ತು ಹಾಕುತ್ತೀರಾ? ದೀಪಾವಳಿ ಹೊತ್ತಿಗೆ ಸರಿಹೋಗುತ್ತೆ ಅಂತ ಸುಮ್ನೆ ಇರುತ್ತೀರಿ.

ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಜುಲೈನ ಮೂಡಿಗೆರೆಯಲ್ಲಿ ಅದು 90 ದಾಟುವುದು ದೊಡ್ಡ ವಿಷಯವಲ್ಲ. ನಮ್ಮ ಜಿಲ್ಲೆಯ ಹವೆಯೇ ಹೀಗೆ. ಮಾರ್ಚ್‌ನಲ್ಲಿ ಕಡೂರಿನಿಂದ ಬರುವ ಗಿಟಾರಿನ ಫ್ರೆಟ್‌ಬೋರ್ಡು (ನೆಕ್ಕಿನ ಮೇಲೆ ಬೆರಳೊತ್ತುವ ಹಲಗೆ) ಒಣಗಿ ಕುಗ್ಗಿರುತ್ತದೆ. ಫ್ರೆಟ್ಟಿನ, ಅಂದರೆ ಅದರ ಮೇಲಿನ ಲೋಹದ ಅಡ್ಡಪಟ್ಟಿಗಳ ತುದಿಗಳು ಹೊರಗೆ ಚಾಚಿ ಅಂಗೈ ಗೀರುತ್ತವೆ. ಜುಲೈನಲ್ಲಿ ಕೊಪ್ಪದಿಂದ ಬರುವುದಕ್ಕೆ ಆ ತೊಂದರೆ ಇಲ್ಲ, ಆದರೆ ನೆಕ್ಕಿನ ಬಾಗು ಬದಲಾಗಿರುತ್ತದೆ. ಎರಡೂ ಊರು ಒಂದೇ ಜಿಲ್ಲೆ. ಅವರಿಬ್ಬರೂ ಗಿಟಾರು ಅದಲು ಬದಲು ಮಾಡಿಕೊಂಡರೆ ನನಗೆ ವರ್ಷವಿಡೀ ಕೆಲಸ.

ನೆಕ್ ಎಷ್ಟು ಬಾಗಿದೆ ಅಂತ ನೀವೇ ನೋಡಬಹುದು. ಗಿಟಾರನ್ನು ನುಡಿಸುವ ಹಾಗೆಯೇ ಹಿಡಿದುಕೊಳ್ಳಿ, ಮೇಜಿನ ಮೇಲೆ ಮಲಗಿಸಬೇಡಿ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ. ಈಗ 8ನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವಿನ ಸಂದು ನೋಡಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಒಂದು ವಿಸಿಟಿಂಗ್ ಕಾರ್ಡು ತೂರಿಸಲು ಹೇಳಿ. ತಂತಿ ಎತ್ತದೆ ಕಾರ್ಡು ನುಸುಳಿದರೆ ಸರಿ, ಅಂದರೆ ಸುಮಾರು 0.3 ಮಿಲಿಮೀಟರ್. ಎರಡು ಕಾರ್ಡು ಸಲೀಸಾಗಿ ಹೋದರೆ ನೆಕ್ ಮುಂದಕ್ಕೆ ಬಾಗಿದೆ. ಸಂದೇ ಇಲ್ಲದಿದ್ದರೆ ತೀರಾ ನೆಟ್ಟಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. ಎರಡಕ್ಕೂ ನೆಕ್ಕಿನೊಳಗಿನ ಟ್ರಸ್ ರಾಡ್ ಅನ್ನೋ ಕಬ್ಬಿಣದ ಸರಳೇ ಮದ್ದು.

ಇಲ್ಲಿ ಹಳೇ ಮಾದರಿಯ ಗಿಟಾರಿನದೊಂದು ಕಿರಿಕಿರಿ ಇದೆ. ಈಗಿನ ಹೆಚ್ಚಿನ ಗಿಟಾರುಗಳಲ್ಲಿ ಆ ಸರಳಿನ ನಟ್ಟು ತಲೆಯ ಕಡೆ ಇರುತ್ತದೆ. 50ರ ದಶಕದ ನಕ್ಷೆಗೆ ನಿಷ್ಠೆಯಿಂದ ಮಾಡಿದ್ದರಲ್ಲಿ ಅದು ನೆಕ್ಕಿನ ಬುಡದಲ್ಲಿ, ಮೈಯೊಳಗೆ ಹುದುಗಿರುತ್ತದೆ. ಕಾಲು ಸುತ್ತು ತಿರುಗಿಸಬೇಕಾದರೂ ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ ಎತ್ತಬೇಕು. ತಿರುಗಿಸಿ, ಮತ್ತೆ ಕೂರಿಸಿ, ಟ್ಯೂನ್ ಮಾಡಿ, ನೋಡಬೇಕು. ಸಾಲದಿದ್ದರೆ ಪುನಃ ಬಿಚ್ಚಬೇಕು. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಕಸುಬು ಶುರು ಮಾಡಿದ ಹೊಸದರಲ್ಲಿ ನಾನೇ ಒಂದು ಸಂಜೆ ಅವಸರದಲ್ಲಿ ಒಂದೂವರೆ ಸುತ್ತು ತಿರುಗಿಸಿ ನಟ್ಟಿನ ಮರೆ (ಥ್ರೆಡ್ಡು) ಕೆಡಿಸಿದ್ದೆ. ಆ ಗಿಟಾರಿನ ಯಜಮಾನರು ಒಂದು ಮಾತೂ ಬೈಯಲಿಲ್ಲ. ಅದೇ ಇವತ್ತಿಗೂ ಚುಚ್ಚುತ್ತದೆ. ಹಾಗಾಗಿ ಈ ವಿಷಯದಲ್ಲಿ ನಾನು ಪುಕ್ಕಲ. ಕೈ ಪಳಗಿಲ್ಲದಿದ್ದರೆ ನೀವು ಮುಟ್ಟಬೇಡಿ.

ಬಿಚ್ಚುವ ವಿಷಯ ಬಂದದ್ದಕ್ಕೆ ಒಂದು ಮಾತು. ಈ ಗಿಟಾರನ್ನು ರೂಪಿಸಿದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆತ ಅಮೆರಿಕದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. 1950ರಲ್ಲಿ ಇದನ್ನು ಬ್ರಾಡ್‌ಕಾಸ್ಟರ್ ಅಂತ ಬಿಟ್ಟ. ಗ್ರೆಚ್ ಕಂಪನಿಯ ಡ್ರಮ್ಮಿಗೆ ಆಗಲೇ ಅದೇ ಥರದ ಹೆಸರಿತ್ತು. ಹಾಗಾಗಿ 1951ರಲ್ಲಿ ಟೆಲಿಕಾಸ್ಟರ್ ಅಂತ ಬದಲಾಯಿಸಿದ. ರೇಡಿಯೋ ಬಿಚ್ಚಿ ಅಭ್ಯಾಸವಿದ್ದವನು ಮಾಡಿದ ಗಿಟಾರು ಅಂತ ಒಳಗೆ ನೋಡಿದರೇ ಗೊತ್ತಾಗುತ್ತದೆ. ಎಲ್ಲವೂ ಸ್ಕ್ರೂ. ಒಂದು ತಗಡಿನ ಕೆಳಗೆ ಎರಡು ನಾಬು, ಒಂದು ಸ್ವಿಚ್ಚು, ನಾಲ್ಕಾರು ವಯರು. ಸೋಲ್ಡರ್ ಬಿಟ್ಟಿದ್ದರೆ ಕಣ್ಣಿಗೆ ಕಾಣುತ್ತದೆ. 30 ವರ್ಷ ಹಳೇದನ್ನು ಧೈರ್ಯವಾಗಿ ಕೊಳ್ಳಬಹುದು ಅನ್ನುವುದು ಇದಕ್ಕೇ.

ಟ್ಯೂನಿಂಗ್ ನಿಲ್ಲುತ್ತಿಲ್ಲ ಅಂದಿರಿ. ಅದಕ್ಕೆ ಕೀ ಬದಲಾಯಿಸುವುದು ತಲೆನೋವಿಗೆ ಟೋಪಿ ಬದಲಾಯಿಸಿದ ಹಾಗೆ. ತಂತಿ ಮೇಲೆ ಬೆರಳಾಡಿಸಿ. ತರಿತರಿಯಾಗಿದ್ದರೆ ತುಕ್ಕು. ಮಲೆನಾಡಿನ ಮಳೆಗಾಲದಲ್ಲಿ ನುಡಿಸಿದ ಮೇಲೆ ಒರೆಸದೆ ಬಿಟ್ಟ ತಂತಿ ತಿಂಗಳೊಪ್ಪತ್ತು ಬಾಳುವುದೇ ಹೆಚ್ಚು. ಹೊಸ ತಂತಿ ಹಾಕುವಾಗ ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿಯ (ಅದಕ್ಕೂ ನಟ್ಟು ಅಂತಲೇ ಹೆಸರು) ಸೀಳುಗಳಲ್ಲಿ ಪೆನ್ಸಿಲ್ ಮೊನೆ ಆಡಿಸಿ. ಆ ಕರಿಪುಡಿಗೆ ತಂತಿ ಜಾರುತ್ತದೆ. ನಿಮ್ಮದು ಹಳೇ ಮಾದರಿಯ ಕೀ ಆಗಿದ್ದರೆ ಕಂಬದ ನೆತ್ತಿಯಲ್ಲಿ ಸೀಳು, ಸೀಳಿನ ಮಧ್ಯೆ ತೂತು ಇರುತ್ತದೆ. ತಂತಿಯನ್ನು ಎರಡು ಕೀ ಆಚೆಗೆ ಅಳೆದು ಮೊದಲೇ ಕತ್ತರಿಸಬೇಕು. ತುದಿಯನ್ನು ತೂತಿಗೆ ಇಳಿಸಿ, ಬಗ್ಗಿಸಿ, ಆಮೇಲೆ ಸುತ್ತಬೇಕು. ನನ್ನ ಹತ್ತಿರ ಬರುವ ಹತ್ತರಲ್ಲಿ ಆರು ಜನ ತುದಿಯನ್ನು ಹೊರಗೆ ಮುಳ್ಳಿನ ಹಾಗೆ ಬಿಟ್ಟು, ಕೀ ಸರಿಯಿಲ್ಲ ಅನ್ನುತ್ತಾರೆ.

ಬ್ರಿಡ್ಜ್ ಕೂಡ ಬೇಡ. ಅದರಲ್ಲಿ ತಂತಿಗೆ ಆನಿಕೆಯಾಗುವ ಸ್ಯಾಡಲ್ ಮೂರೇ ಇರುವುದರಿಂದ ಎರಡು ತಂತಿಗೆ ಒಂದು ಪಾಲು. ಹಾಗಾಗಿ 12ನೇ ಫ್ರೆಟ್ಟಿನಲ್ಲಿ ಆರೂ ತಂತಿ ಟ್ಯೂನರ್ ಮೆಚ್ಚುವ ಹಾಗೆ ನಿಲ್ಲುವುದಿಲ್ಲ. ಒಂದನ್ನು ಕೂದಲೆಳೆ ಏರಿಸಿ, ಜೋಡಿಯದನ್ನು ಕೂದಲೆಳೆ ಇಳಿಸಿ ರಾಜಿ ಮಾಡಿಸುತ್ತೇನೆ. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದರೆ ಕಿವಿಗೆ ಏನೂ ಗೊತ್ತಾಗುವುದಿಲ್ಲ. ಟ್ಯೂನರ್ ನೋಡುತ್ತಾ ನುಡಿಸುವವರಿಗೆ ಮಾತ್ರ ಗೊತ್ತಾಗುತ್ತದೆ. ಬೋರ್ಡಿನ ಉಬ್ಬೂ ಅಷ್ಟೇ. ಹಳೇ ಮಾದರಿಯಲ್ಲಿ ಅದರ ತ್ರಿಜ್ಯ ಏಳೂಕಾಲು ಇಂಚು, ಈಗಿನವಕ್ಕಿಂತ ಜಾಸ್ತಿ ಗುಂಡಗೆ. ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವ ಬಾರ್ ಕಾರ್ಡಿಗೆ ತೋರುಬೆರಳು ತಾನಾಗಿ ಕೂರುತ್ತದೆ. ಆದರೆ ತಂತಿ ತೀರಾ ಕೆಳಗಿಟ್ಟು ಮೇಲಿನ ಫ್ರೆಟ್ಟುಗಳಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಬೆಂಡ್ ಮಾಡಿದರೆ ಸ್ವರ ಸತ್ತುಹೋಗುತ್ತದೆ. ದಪ್ಪ ತಂತಿ 2 ಮಿಲಿಮೀಟರ್, ಸಣ್ಣದು ಸ್ವಲ್ಪ ಕಡಿಮೆ, ಅಷ್ಟು ಎತ್ತರ ಇರಲಿ ಬಿಡಿ.

ಈಗ ನಿಮಗೊಂದು ಕೆಲಸ. ಕಿಟಕಿ ಹತ್ತಿರ ಕೂತು ಫ್ರೆಟ್ಟುಗಳನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಮೊದಲ ಮೂರರಲ್ಲಿ ಸಣ್ಣ ತಂತಿಗಳ ಕೆಳಗೆ ಕುಳಿ ಬಿದ್ದು, 12ರ ಮೇಲೆ ಹೊಸದರ ಹಾಗೇ ಇದ್ದರೆ ಹಿಂದಿನ ಯಜಮಾನರು ಕಾರ್ಡ್ ಹಿಡಿದು ಹಾಡುತ್ತಿದ್ದವರು. 12ರಿಂದ 15ರವರೆಗೆ ಸವೆದಿದ್ದರೆ ಸೋಲೋ ಹುಚ್ಚು. ಹೋದ ವರ್ಷ ಬಂದ ಒಂದರಲ್ಲಿ 5ನೇ ಮತ್ತು 7ನೇ ಫ್ರೆಟ್ಟು ಮಾತ್ರ ಸವೆದಿತ್ತು. ಪುಣ್ಯಾತ್ಮ ಜೀವಮಾನವೆಲ್ಲ ಒಂದೇ ಸ್ಕೇಲ್ ನುಡಿಸಿದ್ದಾನೆ! ನೆಕ್ಕಿನ ಅಂಚನ್ನು ಹೆಬ್ಬೆರಳಿಂದ ಸವರಿ. ಹೊಸ ಗಿಟಾರಿನಲ್ಲಿ ಅದು ಸ್ಕೇಲ್ ಪಟ್ಟಿಯ ಹಾಗೆ ಚೂಪು. ನಿಮ್ಮದು ಹಳೇ ಮನೆಯ ಹೊಸ್ತಿಲಿನ ಹಾಗೆ ನುಣ್ಣಗಾಗಿರಬೇಕು. ಏಪ್ರಿಲ್‌ನಲ್ಲಿ ಬೆಣ್ಣೆ ಅನ್ನಿಸಿತು ಅಂದಿರಲ್ಲ, ಅದು ಇದೇ. ಇನ್ನೊಬ್ಬರು 30 ವರ್ಷ ಕೈ ಸವೆಸಿ ಮಾಡಿಕೊಟ್ಟಿದ್ದು. ನೆಕ್ ಬದಲಾಯಿಸಿದರೆ ಮೊದಲು ಎಸೆಯುವುದು ಅದನ್ನೇ.

ಆದ್ದರಿಂದ ತಂತಿ ಹಾಕಿಸಿ, ನೆಕ್ ಸೆಟ್ ಮಾಡಿಸಿ, ನಾಬು ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ. ಇನ್ನು ಏನೂ ಬೇಡ. ದೀಪಾವಳಿ ಕಳೆದ ಮೇಲೂ ಪಿಕಪ್ ಬೇಕು ಅನ್ನಿಸಿದರೆ ಬನ್ನಿ. ಬರುವವರು ಕಡಿಮೆ. ಗಿಟಾರನ್ನು ಗೋಡೆಗೆ ಒರಗಿಸಬೇಡಿ, ಮಲೆನಾಡಿನ ಗೋಡೆ ಆಗ ಬೆವರುತ್ತದೆ. ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ದಿನಾ ತೆಗೆದು ನುಡಿಸಿ. ಅಡಿಕೆ ಒಣಗಿಸುವ ಅಟ್ಟದಲ್ಲಿ ಇಟ್ಟರೆ ಬೆಚ್ಚಗಿರುತ್ತೆ ಅಂತ ಹೇಳುವವರ ಮನೆಗೆ ಊಟಕ್ಕೆ ಹೋಗಿ, ಗಿಟಾರ್ ವಿಷಯ ತೆಗೆಯಬೇಡಿ.

ಫ್ರೆಟ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದಾ? (ಆಲ್ದೂರು)

ತಲೆಗೆ ಹಚ್ಚಿ. ಬೋರ್ಡಿನಲ್ಲಿ ಅದು ಕಮಟು ಹಿಡಿದು ಅಂಟಾಗುತ್ತದೆ. ಅಂಗಡಿಯಲ್ಲಿ ಗಿಟಾರಿಗೆಂದೇ ಸಿಗುವ ಲೆಮನ್ ಆಯಿಲ್ ವರ್ಷಕ್ಕೆ ಎರಡು ಸಲ, ನಾಲ್ಕು ಹನಿ. ಅದೂ ಕಪ್ಪು ಮರಕ್ಕೆ ಮಾತ್ರ, ವಾರ್ನಿಷ್ ಹೊಡೆದ ಬಿಳಿ ಮೇಪಲ್ಲಿಗೆ ಬೇಡ. ಲೆಮನ್ ಆಯಿಲ್ ಅಂದರೆ ನಿಂಬೆರಸ ಅಲ್ಲ. ಇದನ್ನು ಬರೆಯಬೇಕಾಗಿ ಬಂದಿದೆ, ಯಾಕೆಂದರೆ ಒಬ್ಬರು ನಿಂಬೆಹಣ್ಣು ಹಿಂಡಿಕೊಂಡು ಬಂದಿದ್ದರು. ಫ್ರೆಟ್ಟೆಲ್ಲ ಹಸಿರು.

ಹೊಸ ಗಿಟಾರನ್ನು ಸ್ಯಾಂಡ್‌ಪೇಪರ್ ಉಜ್ಜಿ ಹಳೇದರ ಹಾಗೆ ಮಾಡುವುದು ಹೇಗೆ? (ಚಿಕ್ಕಮಗಳೂರು)

ಹೋಂಸ್ಟೇಗಳಲ್ಲಿ ಹೊಸ ಬಾಗಿಲಿಗೆ ತೊಟ್ಟಿಮನೆ ಬಣ್ಣ ಹೊಡೆಯುವವರನ್ನು ಕೇಳಿ.

ನನ್ನ ಸೆಕೆಂಡ್‌ಹ್ಯಾಂಡ್ ಸ್ಕ್ವಯರ್ ಕ್ಲಾಸಿಕ್ ವೈಬ್‌ನ ಬೋರ್ಡು ರೋಸ್‌ವುಡ್ ಅಲ್ಲ, ಇಂಡಿಯನ್ ಲಾರೆಲ್ ಅಂತಿದೆ. ಡೂಪ್ಲಿಕೇಟಾ? (ಸಕಲೇಶಪುರ)

ಅಲ್ಲ. ರೋಸ್‌ವುಡ್ ಅಂದರೆ ನಮ್ಮ ಬೀಟೆಯ ಕುಲ. 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಆ ಕುಲದ ಎಲ್ಲ ಮರಕ್ಕೂ ಪರವಾನಗಿಯ ಕಟ್ಟುಪಾಡು ಬಂತು. ಸಿದ್ಧ ವಾದ್ಯಗಳಿಗೆ 2019ರ ಕೊನೆಗೆ ವಿನಾಯಿತಿ ಸಿಕ್ಕಿತು. ಅಷ್ಟರೊಳಗೆ ಕಂಪನಿಗಳು ಬೇರೆ ಮರ ಹುಡುಕಿಕೊಂಡಿದ್ದವು. ಇಂಡಿಯನ್ ಲಾರೆಲ್ ಅನ್ನುವುದು ಅದರಲ್ಲೊಂದು. ಅದು ಬೇರೆ ಯಾವುದೂ ಅಲ್ಲ, ನಮ್ಮ ಮತ್ತಿ ಮರ. ಬಿಸಿಲೆ ಕಡೆ ಹೋದರೆ ಮೊಸಳೆ ಚರ್ಮದಂಥ ತೊಗಟೆಯ ಮರ ಕಾಣುತ್ತಲ್ಲ, ಅದೇ. ಗಟ್ಟಿ ಮರ. ಹೆಮ್ಮೆಯಿಂದ ನುಡಿಸಿ.

ತಂತಿ ಮುಟ್ಟಿದರೆ ಆ್ಯಂಪ್‌ನ ಗುಂಯ್ ಸದ್ದು ನಿಲ್ಲುತ್ತೆ, ಬಿಟ್ಟರೆ ಬರುತ್ತೆ. ನನ್ನ ಮೈಯೊಳಗೆ ಕರೆಂಟ್ ಹರೀತಿದೆಯಾ? ಆ್ಯಂಪಿನ ಮೂರನೇ ಪಿನ್ ಕತ್ತರಿಸಿದರೆ ಸದ್ದು ಹೋಗುತ್ತಂತೆ. (ಕಡೂರು)

ಮೊದಲನೆಯದಕ್ಕೆ ಹೆದರಬೇಡಿ. ತಂತಿಗಳೆಲ್ಲ ಅರ್ತ್‌ಗೆ ಸೇರಿರುತ್ತವೆ. ಮನೆಯ ವಯರಿಂಗಿನ ಗದ್ದಲವನ್ನು ನಿಮ್ಮ ಮೈ ಆಂಟೆನಾದ ಹಾಗೆ ಹಿಡಿಯುತ್ತದೆ, ತಂತಿ ಮುಟ್ಟಿದಾಗ ಅದು ಅರ್ತ್‌ಗೆ ಇಳಿಯುತ್ತದೆ. ಉಳಿಯುವ ಸಣ್ಣ ಗುಂಯ್ ಹಳೇ ಮಾದರಿಯ ಸಿಂಗಲ್ ಕಾಯಿಲ್ ಪಿಕಪ್ಪಿನ ಗುಣ. ಟ್ಯೂಬ್‌ಲೈಟು, ಟಿವಿಯಿಂದ ದೂರ ಕೂತು, ಸ್ವಲ್ಪ ತಿರುಗಿ ನೋಡಿ. ಒಂದು ದಿಕ್ಕಿನಲ್ಲಿ ಕಡಿಮೆಯಾಗುತ್ತದೆ.

ಎರಡನೆಯದು ಹೇಳಿದವರು ನಿಮ್ಮ ಶತ್ರು. ಆ ಪಿನ್ ಇರುವುದೇ ಆ್ಯಂಪ್ ಒಳಗೆ ಏನಾದರೂ ಕೆಟ್ಟರೆ ಕರೆಂಟು ನಿಮ್ಮ ಬದಲು ನೆಲಕ್ಕೆ ಹೋಗಲಿ ಅಂತ. ಒಂದು ಗಣೇಶೋತ್ಸವದಲ್ಲಿ ಗಿಟಾರ್ ಹಿಡಿದು ಮೈಕಿಗೆ ಬಾಯಿ ಹತ್ತಿರ ತಂದೆ. ತುಟಿಗೆ ಕೆನ್ನೆಗೆ ಹೊಡೆದ ಹಾಗೆ ಶಾಕ್. ಹಿಂದೆ ಯಾರೋ ಎರಡು ಪಿನ್ನಿನ ಬೋರ್ಡಿಗೆ ನಮ್ಮ ಆ್ಯಂಪ್ ಸಿಕ್ಕಿಸಿದ್ದರು. ಮಳೆ ಬಂದು ನೆಲ ಒದ್ದೆಯಾಗಿತ್ತು. ಸಣ್ಣದರಲ್ಲೇ ಮುಗಿಯಿತು, ಹಾಗಾಗಿ ಇವತ್ತು ಬರೆಯುತ್ತಿದ್ದೇನೆ. ನಿಮ್ಮ ಕಡೆಯದು ಒಣ ಭೂಮಿ. ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿ ಕೆಲಸ ಮಾಡದೇ ಇರಬಹುದು. ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಿ, ಗುಂಡಿಗೆ ಆಗಾಗ ನೀರು ಹೊಯ್ಯಿರಿ. ಅಲ್ಲಿವರೆಗೆ ಆ್ಯಂಪ್ ಹಚ್ಚಬೇಡಿ.

ಮಳೆಗಾಲದಲ್ಲಿ ನಮ್ಮಲ್ಲಿ ವಾರಗಟ್ಟಲೆ ಕರೆಂಟ್ ಇರಲ್ಲ. ಎಲೆಕ್ಟ್ರಿಕ್ ಗಿಟಾರ್ ಕೊಂಡು ಏನು ಮಾಡಲಿ? (ಕೊಪ್ಪ)

ಆ್ಯಂಪ್ ಇಲ್ಲದೇ ನುಡಿಸಿ. ಸೊಳ್ಳೆಯಷ್ಟು ಸದ್ದು ಬರುತ್ತದೆ, ಕಲಿಯಲು ಅಷ್ಟು ಸಾಕು. ಹೆಂಚಿನ ಮೇಲೆ ಮಳೆ ಜೋರಾಗಿ ಅದೂ ಕೇಳಿಸದಿದ್ದರೆ ಗಿಟಾರಿನ ಮೈಯ ಮೇಲಂಚಿಗೆ ದವಡೆ ಒತ್ತಿ ನುಡಿಸಿ. ಮೂಳೆಯ ಮೂಲಕ ಕಿವಿಗೆ ನೇರವಾಗಿ ಕೇಳುತ್ತದೆ. ಕತ್ತು ನೋವು ಬಂದರೆ ನಿಲ್ಲಿಸಿ.