ಸಣ್ಣ ಸರ್ಕಾರಿ ಶಾಲೆಯ ಫಲಿತಾಂಶ ಒಂದೇ ವರ್ಷದಲ್ಲಿ ಇಷ್ಟು ಬೀಳುವುದು ಯಾಕೆ?

ನಿಮ್ಮ ಯಾದಗಿರಿ ಕಡೆಯ ಶಾಲೆಯ ಐದನೇ ತರಗತಿಯಲ್ಲಿ ಹೋದ ವರ್ಷ ಸರಾಗವಾಗಿ ಓದುವವರು ಶೇ. 90 ಇದ್ದರು, ಈ ವರ್ಷ ಶೇ. 60, ಹಾಗಾದ್ರೆ ಶಾಲೆ ಕೆಟ್ಟಿತಾ ಅಂತ ಕೇಳಿದ್ದೀರಿ. ಇಲ್ಲ, ಇಷ್ಟರಿಂದಲೇ ಹಾಗೆ ಹೇಳೋಕಾಗಲ್ಲ. ತರಗತಿಯಲ್ಲಿ 10 ಮಕ್ಕಳಿದ್ದರೆ ಒಂದು ಮಗು ಅಂದರೇನೇ ಶೇ. 10. ಮೂವರು ಹಿಂದೆ ಬಿದ್ದರೆ 90 ಇದ್ದದ್ದು 60 ಆಗುತ್ತದೆ. 100 ಮಕ್ಕಳಿದ್ದಲ್ಲಿ ಅದೇ ಮೂವರು ಬರೀ ಶೇ. 3.

ಆ ಮೂವರು ಯಾರು ಅನ್ನೋದೇ ಮುಖ್ಯ. ಹಾಜರಿ ಪುಸ್ತಕ ತೆರೆದು ನೋಡಿ. ದೀಪಾವಳಿ ಆದ ಮೇಲೆ ಕೆಲವು ಹೆಸರುಗಳ ಮುಂದೆ ಸಾಲಾಗಿ ಗೈರು ಬಿದ್ದಿರುತ್ತದೆ. ಅಪ್ಪ ಅಮ್ಮ ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಹೋಗಿರುತ್ತಾರೆ. ಊರಲ್ಲಿ ನೋಡಿಕೊಳ್ಳಲು ಅಜ್ಜಿ ಇಲ್ಲದ ಮಗು ಜೊತೆಗೇ ಹೋಗುತ್ತದೆ. ಯುಗಾದಿಗೆ ವಾಪಸ್ ಬರುವಷ್ಟರಲ್ಲಿ ಭಾಗಾಕಾರ ಮುಗಿದಿರುತ್ತದೆ. ಇನ್ನು ಕೆಲವರು ಹತ್ತಿ ಬಿಡಿಸಲು ಹೊಲಕ್ಕೆ ಹೋಗಿರುತ್ತಾರೆ. ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ, ಪುಸ್ತಕದ ಕನ್ನಡ ಶಾಲೆಯಲ್ಲೇ ಕಲಿಯಬೇಕು.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52, ರಾಜ್ಯದಲ್ಲೇ ಕಡಿಮೆ. ಅಂದರೆ ಎಷ್ಟೋ ಮನೆಗಳಲ್ಲಿ ಪಕ್ಕ ಕೂತು ಓದಿಸುವವರಿಲ್ಲ. ಶಾಲೆಯಲ್ಲೂ ಕಷ್ಟವೇ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರೇ!

ಹಾಗಾಗಿ ಮೂರ್ನಾಲ್ಕು ವರ್ಷದ ಲೆಕ್ಕ ಕೂಡಿಸಿ ನೋಡಿ. ಶಾಲಾಭಿವೃದ್ಧಿ ಸಮಿತಿ ಸಭೆಗೆ ಹೋದಾಗ ಶೇಕಡಾ ಎಷ್ಟು ಅಂತ ಕೇಳುವುದಕ್ಕಿಂತ, ಈ ಮಗು ಜೂನ್‌ನಲ್ಲಿ ಎಲ್ಲಿತ್ತು, ಈಗ ಎಲ್ಲಿದೆ ಅಂತ ಕೇಳಿ.