ಭೂಗತ ಟ್ಯಾಂಕ್‌ನಿಂದ ಪೆಟ್ರೋಲ್ ಸೋರಿತ್ತು. ಈಗ ಎರಡು ವರದಿಗಳಲ್ಲಿ ನೀರು ಶುದ್ಧವೆಂದು ಬಂದಿದೆ. ಅಂತರ್ಜಲವನ್ನು ಎತ್ತಿ ಶುದ್ಧಗೊಳಿಸುತ್ತಿರುವ ಪಂಪ್ ನಿಲ್ಲಿಸಬಹುದೇ?

ದಯವಿಟ್ಟು ನಿಲ್ಲಿಸಬೇಡಿ. ನಾನು ನೋಡಿಕೊಳ್ಳುತ್ತಿದ್ದ ಜಾಗದಲ್ಲೂ ವರದಿಗಳು ಹೀಗೆಯೇ ಒಂದರ ಹಿಂದೊಂದು ಚೆನ್ನಾಗಿ ಬಂದವು. ನಂಬಿ ಪಂಪ್ ನಿಲ್ಲಿಸಿದೆವು, ಯಂತ್ರಗಳನ್ನು ಬಿಚ್ಚಿ ಕಳುಹಿಸಿದೆವು. ಮಳೆಗಾಲ ಮುಗಿದು ನೀರು ಕೆಳಗಿಳಿದ ಮೇಲೆ ನೀರಿನ ಮಾದರಿ ತೆಗೆಯಲೆಂದು ಕೊರೆದಿದ್ದ ಅದೇ ವೀಕ್ಷಣಾ ಬಾವಿಯ ಮುಚ್ಚಳ ತೆಗೆದರೆ ವಾಸನೆ ಮೂಗಿಗೆ ಬಡಿಯಿತು. ಮಾದರಿ ಎತ್ತುವ ಪಾರದರ್ಶಕ ಕೊಳವೆಯಲ್ಲಿ ನೀರಿನ ಮೇಲೆ ಬೆರಳಗಲ ಪೆಟ್ರೋಲ್ ನಿಂತಿತ್ತು.

ಪೆಟ್ರೋಲ್ ನೀರಿಗಿಂತ ಹಗುರ, ಅಂತರ್ಜಲದ ಮೇಲೆ ತೇಲುತ್ತದೆ. ಆದರೆ ನೀರು ಏರಿಳಿದಂತೆಲ್ಲ ಅದೂ ಏರಿಳಿದು ಮಣ್ಣಿನ ಕಣಗಳ ಸಂದಿಗೆ ಮೆತ್ತಿಕೊಳ್ಳುತ್ತದೆ. ನೀರು ಏರಿದಾಗ ಅಲ್ಲಿಯೇ ಸಿಕ್ಕಿಕೊಂಡು ಬಾವಿಗೆ ಇಳಿಯುವುದಿಲ್ಲ. ನಮ್ಮ ಬಾವಿಯ ಕೊಳವೆಯಲ್ಲಿ ನೀರು ಒಳಬರುವ ಸೀಳುಗಳಿದ್ದ ಭಾಗ ಬೇಸಿಗೆಯ ನೀರಿನ ಮಟ್ಟಕ್ಕಷ್ಟೇ ಹೊಂದುತ್ತಿತ್ತು. ಮಳೆಗಾಲದಲ್ಲಿ ಪೂರ್ತಿ ಮುಳುಗಿತ್ತು. ಪ್ರಯೋಗಾಲಯಕ್ಕೆ ಹೋದದ್ದು ಆಳದ ನೀರು, ಪೆಟ್ರೋಲ್ ಇದ್ದದ್ದು ಅದಕ್ಕಿಂತ ಮೇಲೆ. ನೀರಿನ ಮಟ್ಟದ ಅಂಕಿ ನಮ್ಮ ಪುಸ್ತಕದಲ್ಲೇ ಇತ್ತು, ಬಾವಿ ಕೊರೆದಾಗಿನ ನಕ್ಷೆ ಕಡತದಲ್ಲೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಒಂದು ಗಳಿಗೆಯಲ್ಲಿ ತಿಳಿಯುತ್ತಿತ್ತು. ನಾನು ನೋಡಿದ್ದು ಪೆಟ್ರೋಲಿನಲ್ಲಿರುವ, ನೀರಿಗೆ ಕರಗುವ ವಿಷ ಬೆಂಜೀನ್‌ನ ಅಂಕಿಯೊಂದನ್ನೇ. ಅಷ್ಟರಲ್ಲಿ ಬೆಂಜೀನ್ ನೀರಿನೊಂದಿಗೆ ಇನ್ನಷ್ಟು ದೂರ ಹರಿದಿತ್ತು. ಯಂತ್ರಗಳನ್ನು ಮತ್ತೆ ತರಿಸಬೇಕಾಯಿತು, ಹೊಸ ಬಾವಿಗಳನ್ನು ಕೊರೆಸಬೇಕಾಯಿತು. ಮೊದಲ ಸಲಕ್ಕಿಂತ ಹೆಚ್ಚು ಹಣ ಹೋಯಿತು.

ನಿಲ್ಲಿಸದಿದ್ದರೆ ಇನ್ನೂ ದೊಡ್ಡ ಪಂಪ್ ಹಾಕಲೇ ಎಂದೂ ಕೇಳಿದ್ದೀರಿ. ಅದೂ ಬೇಡ. ನೀವು ನೀರನ್ನು ತೊಳೆಯಲು ಹೊರಟಿದ್ದೀರಿ, ರೋಗ ಇರುವುದು ಮಣ್ಣಿನಲ್ಲಿ. ಎಷ್ಟು ನೀರೆತ್ತಿದರೂ ಸಂದಿಯಲ್ಲಿರುವ ಪೆಟ್ರೋಲ್ ಹೊಸ ನೀರಿಗೆ ಕರಗುತ್ತಲೇ ಇರುತ್ತದೆ. ಮರಳುಮಣ್ಣಾದರೆ ನೀರಿನ ಮಟ್ಟದ ಮೇಲಿನ ಮಣ್ಣಿನಿಂದ ಆವಿಯನ್ನು ಹೀರಿ ತೆಗೆಯಿರಿ, ಕೆಳಗಿನಿಂದ ಗಾಳಿ ಊದಿಸಿ. ಬೆಂಜೀನ್ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಸಿಗುತ್ತದೆ. ಜೇಡಿಮಣ್ಣಿನಲ್ಲಿ ಗಾಳಿ ತನಗೆ ಬೇಕಾದ ಬಿರುಕು ಹಿಡಿದು ಹೋಗುವುದರಿಂದ ಇದನ್ನು ನೆಚ್ಚಿಕೊಳ್ಳಬೇಡಿ. ಪೆಟ್ರೋಲಿಗೆ ಎಂಟಿಬಿಇ (ಚೆನ್ನಾಗಿ ಉರಿಯಲೆಂದು ಸೇರಿಸುವ ರಾಸಾಯನಿಕ) ಬೆರೆಸಿದ್ದರೆ ಅದರ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಿ. ಅದು ಬೆಂಜೀನ್‌ಗಿಂತ ಮುಂದೆ ಓಡುತ್ತದೆ, ಸುಲಭವಾಗಿ ಕೊಳೆಯುವುದೂ ಇಲ್ಲ.

ಪರೀಕ್ಷೆಗೆ ಕಳುಹಿಸುವ ಸೀಸೆಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿಸಿ, ಇಲ್ಲದಿದ್ದರೆ ಬೆಂಜೀನ್ ಆ ಗಾಳಿಗೆ ಸೇರಿ ಅಂಕಿ ಸುಳ್ಳಾಗುತ್ತದೆ. ನೀರು ಏರಿದ ಕಾಲ, ಇಳಿದ ಕಾಲ ಎರಡರಲ್ಲೂ ಅಳೆಯದೆ ಯಾರು ಹೇಳಿದರೂ ಬಾವಿ ಮುಚ್ಚಬೇಡಿ.

ಅಂತರ್ಜಲ ಹರಿಯುವ ದಿಕ್ಕಿನಲ್ಲಿ ಯಾರದಾದರೂ ಕುಡಿಯುವ ನೀರಿನ ಬಾವಿ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಪರೀಕ್ಷೆ ಮಾಡಿಸಿ. ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ ಮಾತ್ರ. ವರದಿ ಬರುವವರೆಗೆ ಆ ಮನೆಯವರಿಗೆ ಬೇರೆ ನೀರು ಕೊಡಿಸಿ.