ಭಾನುವಾರದ ಓಟ, ಸೋಮವಾರದ ರಕ್ತಪರೀಕ್ಷೆ

ವ್ಯಾಯಾಮ ಶುರು ಮಾಡಿದ ಮೇಲೆ ರಕ್ತದಲ್ಲಿ ಉರಿಯೂತದ ಅಂಕಿ ಏರಿತು, ವ್ಯಾಯಾಮ ಬಿಡಲೇ ಎಂದು ಒಬ್ಬರು ನನ್ನ ಬಳಿ ಬಂದರು. ಈ ಗೊಂದಲ ಹೊತ್ತು ಬರುವವರು ಇವರೊಬ್ಬರೇ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದೆ.

ಐವತ್ತು ದಾಟಿದವರು, ಕೂತು ಮಾಡುವ ಕೆಲಸ, ಹೊಟ್ಟೆಯ ಬೊಜ್ಜು, ತಂದೆಗೆ ಹೃದಯಾಘಾತ ಆಗಿತ್ತು. ಉರಿಯೂತ ತೋರಿಸುವ ಸಿಆರ್‌ಪಿ ಎಂಬ ಪ್ರೋಟೀನನ್ನು ಸೂಕ್ಷ್ಮವಾಗಿ ಅಳೆಯುವ ಎಚ್‌ಎಸ್-ಸಿಆರ್‌ಪಿ ಪರೀಕ್ಷೆಯಲ್ಲಿ ಲೀಟರಿಗೆ 3.4 ಮಿಲಿಗ್ರಾಂ. 1ಕ್ಕಿಂತ ಕಡಿಮೆಯಿದ್ದರೆ ಹೃದ್ರೋಗದ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. ವೈದ್ಯರು ನಡೆಯಲು ಹೇಳಿದ್ದರು. ಇವರು ಭಾನುವಾರ ಎರಡು ಗಂಟೆ ಓಡತೊಡಗಿದರು. ಮುಂದಿನ ವರದಿಯಲ್ಲಿ 7.9.

"ವ್ಯಾಯಾಮದಿಂದಲೇ ಉರಿಯೂತ ಜಾಸ್ತಿ ಆಯ್ತಲ್ಲ ಮೇಡಂ, ಬಿಟ್ಟುಬಿಡ್ತೀನಿ."

ರಕ್ತ ಕೊಟ್ಟ ದಿನ ಯಾವುದೆಂದು ಕೇಳಿದೆ. ವರದಿ ತಿರುಗಿಸಿ ನೋಡಿದರು: ಸೋಮವಾರ ಬೆಳಿಗ್ಗೆ. ಹಿಂದಿನ ದಿನದ ಓಟದಿಂದ ಮಂಡಿ ಮಡಿಸಲಾಗದಷ್ಟು ತೊಡೆನೋವು ಇತ್ತಂತೆ. ಅಭ್ಯಾಸವಿಲ್ಲದ ಸ್ನಾಯು ಹಾಗೆ ಜಖಂ ಆದಾಗ ಸಿಆರ್‌ಪಿ ಒಂದೆರಡು ದಿನ ಏರುತ್ತದೆ. ಅದು ರಕ್ತನಾಳದ ಸುದ್ದಿಯಲ್ಲ, ತೊಡೆಯ ಸುದ್ದಿ.

ಹದವಾದ ನಡಿಗೆ ಬೇರೆಯದೇ ಕೆಲಸ ಮಾಡುತ್ತದೆ. ದುಡಿಯುವ ಸ್ನಾಯು ಐಎಲ್-6 ಎಂಬ ಸಂದೇಶ ಒಯ್ಯುವ ಪ್ರೋಟೀನ್ ಬಿಡುತ್ತದೆ. ಅದರ ಬೆನ್ನಿಗೆ ಉರಿಯೂತ ತಗ್ಗಿಸುವ ಐಎಲ್-10 ಎಂಬ ಇನ್ನೊಂದು ಪ್ರೋಟೀನ್ ಏಳುತ್ತದೆ. ತಿಂಗಳುಗಟ್ಟಲೆ ಬಿಡದೆ ನಡೆದು ಹೊಟ್ಟೆಯೊಳಗಿನ ಕೊಬ್ಬು ಕರಗಿದರೆ, ಯಕೃತ್ತಿಗೆ ಸಿಆರ್‌ಪಿ ತಯಾರಿಸಲು ಬರುವ ಪ್ರಚೋದನೆಯೇ ಇಳಿಯುತ್ತದೆ.

ಸೂಚಿಸಿದ್ದು ಇಷ್ಟು: ವಾರಕ್ಕೆ ಐದು ದಿನ, ಮೊದಲ ವಾರ 10 ನಿಮಿಷ, ವಾರವಾರ 5 ನಿಮಿಷ ಸೇರಿಸಿ 30ಕ್ಕೆ ತಲುಪುವುದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ವೇಗ. ಇದಕ್ಕೆ ಮೊದಲೂ ಆಮೇಲೂ ಐದೈದು ನಿಮಿಷ ನಿಧಾನ ನಡಿಗೆ ಬೇರೆ. ರಕ್ತಪರೀಕ್ಷೆಗೆ ಮೂರು ದಿನ ಮುಂಚಿನಿಂದ ಬಿರುಸಿನ ವ್ಯಾಯಾಮ ಬೇಡ. ನೆಗಡಿ, ಜ್ವರ, ಹಲ್ಲಿನ ಸೋಂಕು ಇದ್ದರೆ ಪರೀಕ್ಷೆಯನ್ನೇ ಮುಂದೂಡಿ. ಸಿಆರ್‌ಪಿ 10 ದಾಟಿದರೆ ಸೋಂಕೋ ಗಾಯವೋ ಇರಬಹುದು, ವಾಸಿಯಾದ ಮೇಲೆ ಮತ್ತೆ ನೋಡಬೇಕು. ಕೊಲೆಸ್ಟ್ರಾಲ್ ಇಳಿಸಲು ವೈದ್ಯರು ಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಓಡುವ ಹುಮ್ಮಸ್ಸಿಗೆ ತಣ್ಣೀರೆರಚಿದೆ ಎಂದು ಕೆಲವರಿಗೆ ಅನ್ನಿಸಬಹುದು. ವಾರಾಂತ್ಯದಲ್ಲೇ ವ್ಯಾಯಾಮ ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಕೂತೇ ಇದ್ದ ಮೈಗೆ ಒಮ್ಮೆಲೇ ಬಿರುಸಿನ ಓಟ ಹೇರಿದರೆ ಆ ಹೊತ್ತಿನಲ್ಲಿ ಹೃದಯಾಘಾತದ ಅಪಾಯ ಏರುತ್ತದೆ. ತಂದೆಯ ಇತಿಹಾಸ ಗೊತ್ತಿದ್ದೂ ನಾನು ಸುಮ್ಮನಿರಲಾರೆ. ಸಿಆರ್‌ಪಿ ಇಳಿಕೆಯ ಭರವಸೆಯನ್ನೂ ಕೊಡಲಿಲ್ಲ. ಸೊಂಟದಳತೆ ಕರಗದಿದ್ದರೆ ಅದು ಅಷ್ಟಾಗಿ ಇಳಿಯದಿರಬಹುದು. ಆಗಲೂ ರಕ್ತದೊತ್ತಡಕ್ಕೆ, ಸಕ್ಕರೆಗೆ ನಡಿಗೆಯ ಲಾಭ ಇದ್ದೇ ಇದೆ.

ನಡೆಯುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಏನು ಮಾಡಲಿ ಎಂದರು. ಅಲ್ಲೇ ನಿಲ್ಲಿ, ತಡಮಾಡದೆ ಆಂಬುಲೆನ್ಸ್ ಕರೆಸಿ ಎಂದೆ. ಹದಿನೈದು ದಿನ ಓಟ ಬಿಟ್ಟು, ನಡೆದು, ರಕ್ತ ಕೊಟ್ಟರು: 3.2.